ರೇಡಿಯೋ ನರ್ಸಿನ ಪರೀಕ್ಷೆ

ಎದೆಹಾಲುಣಿಸುವ ತಾಯಂದಿರಿಗೆ ನೆರವಾಗುವುದು ಹೇಗೆಂಬ ಪಾಠವನ್ನು ಹಿಂದಿನ ದಿನವಿಡೀ ಗಟ್ಟಿಯಾಗಿ ಉರುಹೊಡೆದದ್ದೇ ತಪ್ಪಾಯಿತು. ಪರೀಕ್ಷೆಯ ಬೆಳಿಗ್ಗೆ ಬಾಣಂತಿಯರ ವಾರ್ಡಿನ ನರ್ಸ್ ಬಾಯಿ ತೆರೆದರೆ ತುಕ್ಕುಹಿಡಿದ ಬಾಗಿಲಿನ ಸದ್ದು ಬಂತು. ಸದಾ ವಟಗುಟ್ಟುವ ಅವಳನ್ನು ಇಡೀ ಆಸ್ಪತ್ರೆ ಕರೆಯುತ್ತಿದ್ದದ್ದೇ 'ರೇಡಿಯೋ' ಎಂದು.

"ಇವತ್ತೇ ಕೆಟ್ಟು ಕೂರಬೇಕಿತ್ತಾ ಈ ರೇಡಿಯೋ?" ಆಯಾ ಹಣೆ ಚಚ್ಚಿಕೊಂಡಳು. "ಫೇಲಾದ್ರೆ ಹಳೇ ಫೈಲಿನ ಕೋಣೆಗೆ ಹಾಕ್ತಾರಂತೆ ನಿಮ್ಮನ್ನ. ಸುಮ್ನೆ ತಲೆ ಆಡಿಸ್ತಾ ಇರಿ, ಗೊತ್ತಾಗಲ್ಲ."

ಉಪ್ಪುನೀರು, ಜೇನುತುಪ್ಪ, ಕೆಮ್ಮಿನ ಔಷಧಿ ಎಂದು ಕಂಡಕಂಡವರು ಕೊಟ್ಟದ್ದನ್ನೆಲ್ಲ ನರ್ಸ್ ನುಂಗಿದಳು. ಇದ್ದ ಕಿರುಗುಟ್ಟುವಿಕೆಯೂ ನಿಂತುಹೋಯಿತು.

ಪರೀಕ್ಷಕಿ ಅಂಕಪಟ್ಟಿ ಹಿಡಿದು ಬಂದು ವಾರ್ಡಿನಲ್ಲಿ ಕುಳಿತರು. ಮೂರನೇ ಹಾಸಿಗೆಯಲ್ಲಿ ಚೊಚ್ಚಲ ಬಾಣಂತಿ. ಎರಡು ದಿನದ ಕೂಸು ಬೆಳಗಿನಿಂದ ಮೊಲೆ ಹಿಡಿಯದೆ ಅತ್ತು ಅತ್ತು ಕೆಂಪಾಗಿತ್ತು.

"ಇವಳಿಗೆ ಹಾಲೇ ಇಲ್ಲ. ಬಾಟ್ಲಿ ತರಿಸಿ," ಎಂದಳು ಬಾಣಂತಿಯ ಅತ್ತೆ.

ಬೇರೆ ದಿನವಾಗಿದ್ದರೆ ರೇಡಿಯೋ ಅರ್ಧ ಗಂಟೆಯ ಭಾಷಣ ಬಿಗಿಯುತ್ತಿದ್ದಳು. ಇಂದು ಅತ್ತೆಗೆ ಕುರ್ಚಿ ತೋರಿಸಿ, ತಾನೊಂದು ಸ್ಟೂಲೆಳೆದು ಬಾಣಂತಿಯ ಪಕ್ಕ ಕುಳಿತಳು. ಒಂದು ನಿಮಿಷವಾಯಿತು, ಎರಡಾಯಿತು. ಆ ಮೌನ ತಡೆಯಲಾರದೆ ಬಾಣಂತಿಯೇ ಬಾಯಿಬಿಟ್ಟಳು.

"ಸಿಸ್ಟರ್, ಎಡಗೈಲಿ ಡ್ರಿಪ್ಪಿನ ಸೂಜಿ ಇದೆಯಲ್ಲ, ಪ್ರಾಣ ಹೋಗೋ ಅಷ್ಟು ನೋವು. ಮಗೂನ ಹಿಡ್ಕೊಳ್ಳೋಕೇ ಆಗ್ತಿಲ್ಲ. ಯಾರೂ ಕೇಳ್ಲೇ ಇಲ್ಲ."

ನರ್ಸಿಗೆ ಚುರುಕ್ಕೆಂದಿತು. ಬೆಳಗಿನಿಂದ ಅವಳೇ ಆರು ಸಲ ಆ ಹಾಸಿಗೆ ಹಾದುಹೋಗಿದ್ದಳು. ಬಾಣಂತಿಯ ಬೆನ್ನಿಗೊಂದು ದಿಂಬು, ಬಲತೋಳಿನಡಿ ಇನ್ನೊಂದು ದಿಂಬು ಇಟ್ಟಳು. ಕೂಸನ್ನು ಬಲಗಡೆಗೆ ತಂದು, ಹೊಟ್ಟೆಗೆ ಹೊಟ್ಟೆ ತಾಗುವಂತೆ ಮಲಗಿಸಿದಳು. ಕೂಸು ಇಷ್ಟಗಲ ಬಾಯಿ ತೆರೆಯುವವರೆಗೆ ಕಾಯಬೇಕೆಂದು ತಾನೇ ಮೊಸಳೆಯಂತೆ ಬಾಯಿ ತೆರೆದು ತೋರಿಸಿದಳು. ಬಾಣಂತಿಗೆ ನಗು ತಡೆಯಲಿಲ್ಲ. ಬಿಗಿದ ಹೆಗಲು ಇಳಿಯಿತು. ಕೂಸು ಬಾಯಿ ಅಗಲಿಸಿ, ಗದ್ದವನ್ನು ಎದೆಗೊತ್ತಿ ಗಬಕ್ಕನೆ ಹಿಡಿಯಿತು. ಗುಟುಕ್, ಗುಟುಕ್.

"ಹಾಲಿದೆಯಲ್ಲೇ!" ಎಂದಳು ಅತ್ತೆ.

"ನೂರಕ್ಕೆ ನೂರು!" ಪರೀಕ್ಷಕಿ ಎದ್ದರು. "ಹದಿನೇಳು ಆಸ್ಪತ್ರೆ ನೋಡಿದೀನಿ. ತಾಯಿ ಮಾತು ಮುಗಿಸೋವರೆಗೂ ಕಾದ ನರ್ಸ್ ನೀವೊಬ್ರೇ."

ಸಂಜೆಯ ಹೊತ್ತಿಗೆ ದನಿ ಮರಳಿತು. "ಪಾಸಾದೆ!" ಎಂದು ನರ್ಸ್ ಕಾರಿಡಾರಿನಲ್ಲಿ ಕೂಗುವಷ್ಟರಲ್ಲಿ ಆಯಾ ಓಡಿಬಂದು ಅವಳ ಬಾಯಿ ಮುಚ್ಚಿ, ಕಚೇರಿಯ ಆದೇಶವೊಂದನ್ನು ಕಣ್ಣೆದುರು ಹಿಡಿದಳು.

'ಇಂದು ಸಂಜೆಯಿಂದ ಒಂದು ತಿಂಗಳು ಸುತ್ತಲಿನ ಆಸ್ಪತ್ರೆಗಳ ನರ್ಸುಗಳು ಈ ವಾರ್ಡಿಗೆ ಕಲಿಯಲು ಬರುವರು. ಸದರಿ ನರ್ಸ್ ಬೆಳಿಗ್ಗೆ ಮಾಡಿದಂತೆಯೇ, ಒಂದೂ ಮಾತಾಡದೆ, ಕೆಲಸ ಮಾಡಿ ತೋರಿಸತಕ್ಕದ್ದು.'

"ಅಯ್ಯೋ, ಒಂದು ತಿಂ..." ಎನ್ನುತ್ತ ಅವಳು ತಿರುಗಿದಳು. ಮೊದಲ ತಂಡ ಆಗಲೇ ಬಾಗಿಲಲ್ಲಿ ನೋಟ್‌ಬುಕ್ ಬಿಚ್ಚಿ ನಿಂತಿತ್ತು.