ಕೃತಜ್ಞತೆಯ ಪಂಪು

ನೀರು ಬಾರದ ಕೈಪಂಪು ಕೂಡ ಚಾಲ್ತಿಯಲ್ಲಿರುವ ಪಂಪೇ ಎಂದು ಲಂಡನ್ನಿನ ಸಾಗರೋತ್ತರ ನೆರವು ಕಚೇರಿ ಅಧಿಕೃತವಾಗಿ ಒಪ್ಪಿಕೊಂಡದ್ದು ಡೆಸ್ಮಂಡ್ ವಿಟ್ಲಾಕ್ ಅವರ ಸೇವಾವಧಿಯಲ್ಲಿ. ಅದಕ್ಕೆ ಮುಂಚೆ ಈ ವಿಷಯದಲ್ಲಿ ಸ್ಪಷ್ಟ ನಿಯಮವಿರಲಿಲ್ಲ. ನೀರು ಬಂದರೆ ಪಂಪು, ಬಾರದಿದ್ದರೆ ಕಬ್ಬಿಣ ಎಂದು ಜನ ತಮಗೆ ತೋಚಿದಂತೆ ತಿಳಿದುಕೊಂಡಿದ್ದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿಟ್ಲಾಕರನ್ನು ಮಲಾವಿಯ ಚಿತಾವೊ ಎಂಬ ಹಳ್ಳಿಗೆ ಪರಿಶೀಲನೆಗೆ ಕಳಿಸಿದರು. ಕಚೇರಿ ಹಾಕಿಸಿಕೊಟ್ಟ ಪಂಪು ಅಲ್ಲಿತ್ತು. ಒಳಗಿನ ವಾಷರ್ ಸವೆದು ನೀರು ನಿಂತುಹೋಗಿತ್ತು. ಹೆಂಗಸರು ಹೊಳೆಯಿಂದ ಕೆಸರುನೀರು ಹೊತ್ತು ತರುತ್ತಿದ್ದರು, ಅದನ್ನು ಕುಡಿದ ಮಕ್ಕಳು ಭೇದಿ ಹತ್ತಿ ಮಲಗುತ್ತಿದ್ದವು. ಊರ ಯಜಮಾನಿ ನಾಫಿರಿ ಜೀಪಿಗೆ ಅಡ್ಡ ನಿಂತು, ಮಂಡಿ ಬಾಗಿಸಿ, ಅಂಗೈ ತಟ್ಟುತ್ತ ಹೇಳಿದಳು: "ಜಿಕೋಮೊ, ಬ್ವಾನಾ, ಜಿಕೋಮೊ."

ವಿಟ್ಲಾಕರ ಕೈಪಿಡಿಯ ಪ್ರಕಾರ ಬ್ವಾನಾ ಎಂದರೆ ಸಾಹೇಬ, ಜಿಕೋಮೊ ಎಂದರೆ ಧನ್ಯವಾದ. 'ಸ್ವಲ್ಪ ನಿಲ್ಲಿ, ಒಂದು ಮಾತಿದೆ' ಎನ್ನಲಿಕ್ಕೂ ಅಲ್ಲಿಯವರು ಅದೇ ಪದ ಬಳಸುತ್ತಾರೆ ಎಂಬ ಅಂಶ ಕೈಪಿಡಿಯಲ್ಲಿ ಬಿಟ್ಟುಹೋಗಿತ್ತು.

"ಆಯಮ್ಮಂಗೆ ಏನೋ ಹೇಳ್ಬೇಕಂತೆ ಬ್ವಾನಾ, ಇಳೀತೀರಾ?" ಎಂದ ಚಾಲಕ ವೈಸನ್.

"ಕೇಳಿಸ್ತಲ್ಲಪ್ಪ. ಎಷ್ಟು ಸಲ ಧನ್ಯವಾದ ಹೇಳ್ತಾರೆ ಪಾಪ."

"ಧನ್ಯವಾದ ಅಲ್ಲ, ಆ ಪಂಪು..."

"ಚಾಲಕರ ಅಭಿಪ್ರಾಯ ದಾಖಲು ಮಾಡೋಕೆ ಅವಕಾಶ ಇಲ್ಲ. ಸಾರಿ."

ಕಿಟಕಿಯಿಂದ ನಾಫಿರಿಗೂ ಒಂದು 'ಸಾರಿ' ಹೇಳಿ ಹೊರಟರು. ಕಾಲಿಗೆ ಕುರ್ಚಿ ತಗುಲಿದರೂ ಕುರ್ಚಿಗೆ ಸಾರಿ ಹೇಳುವುದು ಇಂಗ್ಲಿಷರ ರೂಢಿ.

'ಚಿತಾವೊದಲ್ಲಿ ಕೃತಜ್ಞತೆ ಗಣನೀಯ' ಎಂಬ ವರದಿ ಲಂಡನ್ ಸೇರಿತು. ನೀರಿನ ಲೆಕ್ಕ ಕಚೇರಿಯಲ್ಲಿ ಬೇಕಾದಷ್ಟಿತ್ತು, ಕೃತಜ್ಞತೆಯ ಲೆಕ್ಕ ಇದೇ ಮೊದಲು. ಮರುವರ್ಷ ಊರಿನ ಹೆಂಗಸರೆಲ್ಲ ಜೀಪಿಗೆ ಅಡ್ಡ ನಿಂತರು; ವಿಟ್ಲಾಕರು ಮತ್ತೆ ಕಿಟಕಿಯಿಂದಲೇ 'ಸಾರಿ' ಹೇಳಿ ಹೊರಟರು. ಕೃತಜ್ಞತೆ ಹಲವು ಪಟ್ಟು ಏರಿದ್ದರಿಂದ ವಿಟ್ಲಾಕರಿಗೆ ಬಡ್ತಿ ಸಿಕ್ಕಿತು. ಆಮೇಲೆ ಕೃತಜ್ಞತಾ ಶಾಖೆಯೇ ಹುಟ್ಟಿ, ಅವರೇ ಅದರ ಮುಖ್ಯಸ್ಥರಾಗಿ, ಹೀಗೊಂದು ಸುತ್ತೋಲೆ ಹೊರಡಿಸಿದರು:

'ನೀರು ಬರುವ ಹಳ್ಳಿಗಳಲ್ಲಿ ಜನರು ಅಧಿಕಾರಿಗಳನ್ನು ತಡೆದು ನಿಲ್ಲಿಸಿ ಜಿಕೋಮೊ ಎನ್ನುವುದಿಲ್ಲವೆಂದು ಕಂಡುಬಂದಿದೆ. ದುರಸ್ತಿಯಿಂದ ಕೃತಜ್ಞತೆ ಕುಸಿಯುವುದರಿಂದ, ಯಾವುದೇ ಪಂಪನ್ನು ಮುಟ್ಟುವ ಮೊದಲು ಶಾಖೆಯ ಒಪ್ಪಿಗೆ ಪಡೆಯತಕ್ಕದ್ದು. ಒಪ್ಪಿಗೆ ಕೇಳುವವರೂ ಕೊಡುವವರೂ ಒಬ್ಬರೇ ಆಗಿರಕೂಡದು.'

ಚಿತಾವೊದ ಪಂಪಿಗೆ ಬೇಲಿ ಬಂತು, ಬೇಲಿಗೆ ಕಾವಲುಗಾರ ಬಂದ. ವಾಷರ್ ಬರಲಿಲ್ಲ.

ನಿವೃತ್ತಿಗೆ ಮುಂಚಿನ ಕೊನೆಯ ಪ್ರವಾಸದಲ್ಲಿ ವಿಟ್ಲಾಕರು ರಾಜಧಾನಿ ಲಿಲಾಂಗ್ವೆಯ ಅತಿಥಿಗೃಹದಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ನೆಲ ಒರೆಸುತ್ತಿದ್ದ ಹೆಂಗಸು ಹತ್ತಿರ ಬಂದು "ಜಿಕೋಮೊ" ಎಂದಳು.

"ಅಯ್ಯೋ, ಇರ್ಲಿ ಬಿಡಮ್ಮ," ಎಂದರು ವಿಟ್ಲಾಕರು, ಪ್ರಸನ್ನರಾಗಿ.

"ಧನ್ಯವಾದ ಅಲ್ಲ ತಾತ. ಕಾಲು ತೆಗೀರಿ."

ವಿಟ್ಲಾಕರು ಕಾಲು ತೆಗೆದರು. ಚಹಾ ಆರಿಹೋಯಿತು. ಅಡ್ಡ ನಿಂತ ನಾಫಿರಿ, ಅವಳ ಹಿಂದಿನ ಖಾಲಿ ಬಕೆಟ್ಟುಗಳು ಒಂದೊಂದಾಗಿ ಕಣ್ಣೆದುರು ಬಂದವು. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಅದಕ್ಕೆ ನಮೂನೆ ಇಲ್ಲದ್ದರಿಂದ ಎಲ್ಲೂ ದಾಖಲಾಗಲಿಲ್ಲ. ಅಂದೇ ಸಂತೆಯಲ್ಲಿ ತಾವೇ ಒಂದು ವಾಷರ್ ಕೊಂಡು, ಜೇಬಿನಲ್ಲಿಟ್ಟುಕೊಂಡು ಚಿತಾವೊಗೆ ಗಾಡಿ ಬಿಡಿಸಿದರು.

ತಲೆ ನೆರೆತ ನಾಫಿರಿ ಹೆಂಗಸರೊಂದಿಗೆ ದಾರಿಯಲ್ಲೇ ನಿಂತಿದ್ದಳು. ಈ ಸಲ ವಿಟ್ಲಾಕರು ಇಳಿದರು. ನೇರ ಬೇಲಿಯ ಬಳಿ ಹೋಗಿ ಕಾವಲುಗಾರನಿಗೆ ಹೇಳಿದರು: "ಜಿಕೋಮೊ."

"ನಿಮ್ಮ ಧನ್ಯವಾದ ಸ್ವೀಕರಿಸಿದ್ದೇನೆ," ಎಂದು ಕಾವಲುಗಾರ ಬರೆದುಕೊಂಡ.

"ಹಾಗಲ್ಲಪ್ಪ, ಸ್ವಲ್ಪ ಬಾಗಿಲು ತೆಗಿ ಅಂತ."

"ಆ ಅರ್ಥ ಕೈಪಿಡಿಯಲ್ಲಿ ಇಲ್ವಲ್ಲ ಬ್ವಾನಾ. ನಮಗೆ ತರಬೇತಿ ಕೊಟ್ಟಿದ್ದಾರೆ."

"ಪಂಪು ರಿಪೇರಿ ಮಾಡ್ಬೇಕು. ನಾನೇ ಶಾಖೆಯ ಮುಖ್ಯಸ್ಥ, ನಾನೇ ಒಪ್ಪಿಗೆ ಕೊಡ್ತೀನಿ."

"ಕೇಳೋರು ಯಾರು?"

"ನಾನೇ."

ಕಾವಲುಗಾರ ಬೇಲಿಗೆ ಕಟ್ಟಿದ್ದ ಸುತ್ತೋಲೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಕೆಳಗೆ ವಿಟ್ಲಾಕರದ್ದೇ ಸಹಿ ಇತ್ತು. ತಮ್ಮ ವಾಕ್ಯ ಎಷ್ಟು ಗಟ್ಟಿಯಾಗಿದೆ ಎಂದು ಅವರಿಗೆ ಒಳಗೊಳಗೇ ಮೆಚ್ಚಿಕೆಯೂ ಆಯಿತು.

ಜೇಬಿನೊಳಗೆ ವಾಷರನ್ನು ತಿರುವುತ್ತ ನಾಫಿರಿಯ ಎದುರು ಬಂದು ನಿಂತರು. ಇಡೀ ಸೇವೆಯಲ್ಲಿ ಮೊದಲ ಬಾರಿಗೆ ಮನಸಾರೆ ಹೇಳಿದರು: "ಸಾರಿ."

ನಾಫಿರಿ ತಕ್ಷಣ ಪಕ್ಕಕ್ಕೆ ಸರಿದು ಹೆಂಗಸರ ಕಡೆ ತಿರುಗಿದಳು.

"ಸಾರಿ ಅಂದಾಯ್ತು ಕಣ್ರೇ. ದಾರಿ ಬಿಡಿ, ಗಾಡಿ ಹೊರಡುತ್ತೆ."

ವೈಸನ್ ಅಷ್ಟರಲ್ಲಿ ಗಾಡಿ ಚಾಲೂ ಮಾಡಿದ್ದ. ಅಧಿಕಾರಿಯೊಬ್ಬರು ತಾವೇ ಧನ್ಯವಾದ ಹೇಳಿದ ಮೊದಲ ಪಂಪು ಎಂದು ಚಿತಾವೊ ಆ ವರ್ಷದ ವರದಿಯಲ್ಲಿ ಅಗ್ರಸ್ಥಾನ ಪಡೆಯಿತು, ವಿಟ್ಲಾಕರಿಗೆ ಪದಕ ಬಂತು. ಹೆಂಗಸರು ಬಕೆಟ್ಟು ತಲೆಗೇರಿಸಿಕೊಂಡು ಹೊಳೆಯ ಕಡೆ ನಡೆದರು.