ಸೋಮವಾರ ಮಲಗಿದ ಎತ್ತು

ಮಕ್ಕಳಿಗೆ ಕಥೆ, ಪದ್ಯಗಳನ್ನು ತಿಳಿಸಿ ಹೇಳುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನಗೆ ಮೈ ಬೆವರುತ್ತದೆ. ಕೇಳುವವರೂ ಬಹಳ. ನಿವೃತ್ತ ಮಾಸ್ತರನೆಂದರೆ ಹಗಲೆಲ್ಲ ಬಾಗಿಲು ತೆರೆದಿರುವ ಕಿರಾಣಿ ಅಂಗಡಿಯೆಂದು ಜನ ತಿಳಿದಿದ್ದಾರೆ, ಕೇಳಿದ್ದೆಲ್ಲ ಅಲ್ಲಿ ಸಿಗಬೇಕು. ಮೊನ್ನೆ ನಮ್ಮ ಓಣಿಯ ಸೊಸೆಯೊಬ್ಬಳು ಮಗನ ಕೈ ಹಿಡಿದುಕೊಂಡು ಬಂದಳು. "ಅಜ್ಜಾರ, ಇವಗ ಪದ್ಯ ಬಾಯಿಪಾಠ ಬರ್ತೈತ್ರಿ, ಅರ್ಥ ಕೇಳಿದ್ರ ಮಾರಿ ನೋಡ್ಕೊಂತ ನಿಂದರ್ತಾನ. ನೀವು ಭಾಳ ಚಂದ ತಿಳಿಸಿ ಹೇಳ್ತಿದ್ರಂತ. ದಿಪೋಟಿ ಸಾಹೇಬ್ರs ಬೆನ್ನು ಚಪ್ಪರಿಸಿದ್ರಂತ" ಎಂದಳು. ನನಗೆ ಹೊಟ್ಟೆನೋವು ಎಂದು ಹೇಳಿ ಒಳಗೆ ಹೋಗಿ ಮಲಗಿಬಿಟ್ಟೆ. ಹೊಟ್ಟೆ ಚೆನ್ನಾಗಿಯೇ ಇತ್ತು. ನೋವಿದ್ದದ್ದು ಸಾಹೇಬರು ಚಪ್ಪರಿಸಿದ ಜಾಗದಲ್ಲಿ.

ಆ ಬೆನ್ನಿನ ಕಥೆಯನ್ನು ನಾನು ಮನೆಯವಳಿಗೂ ಪೂರ್ತಿ ಹೇಳಿಲ್ಲ. ಆಗ ಕನ್ನಡ ನಾಡು ಇನ್ನೂ ಒಂದಾಗಿರಲಿಲ್ಲ, ನಾವು ಮುಂಬಯಿ ಸರಕಾರದ ಕೆಳಗಿದ್ದೆವು. ಬೆಟಗೇರಿಯ ಅರಿವೆ ಅಂಗಡಿಯವರ ಮಗನಾದ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮುಂಡರಗಿ ಕಡೆಯ ಒಂದು ಹಳ್ಳಿಗೆ ಮಾಸ್ತರನಾಗಿ ಹೋದೆ. ಊರ ಹೆಸರು ಹೇಳುವುದಿಲ್ಲ. ಅಲ್ಲಿಯವರು ಸಂತೆಯಲ್ಲಿ ಸಿಕ್ಕರೆ ಇವತ್ತಿಗೂ ಕೈಮುಗಿಯುತ್ತಾರೆ, ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಸಂಜೆಯಾದರೆ ಗುಡಿಯ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಓದಿ ಹೇಳುತ್ತಿದ್ದೆ. ಕನ್ನಡದವರೆಲ್ಲ ಒಂದಾಗಬೇಕು, ನಮ್ಮ ಮಾತಿಗೆ ಬೆಲೆ ಬರಬೇಕು ಎಂದು ನಾನು ಕೈ ಎತ್ತಿ ಮಾತಾಡುತ್ತಿದ್ದರೆ ಹಿರಿಯರು ಎಲೆ ಅಡಿಕೆ ಮೆಲ್ಲುವುದನ್ನೂ ಮರೆಯುತ್ತಿದ್ದರು. ನನಗೆ ನನ್ನ ಮೇಲೆಯೇ ಬಹಳ ಅಭಿಮಾನವಾಗಿತ್ತು.

ಮೂರನೆಯ ಇಯತ್ತೆಯಲ್ಲಿ ಒಬ್ಬಳೇ ಹುಡುಗಿ, ನೀಲವ್ವ. ಅವಳಪ್ಪ ಫಕ್ಕೀರಪ್ಪ, ಎರಡೆತ್ತಿನ ಒಕ್ಕಲುತನದವನು, ಅವಳನ್ನು ತಂದು ಬಿಟ್ಟ ದಿನವೇ ಕರಾರು ಹಾಕಿದ್ದ. "ಒಂದ ವರ್ಷ ನೋಡ್ತೀನ್ರಿ ಮಾಸ್ತರ. ಸಾಹೇಬ್ರು ಬಂದು ಪಾಸ್ ಅಂದ್ರ ಮುಂದ ಸಾಲಿ. ಇಲ್ಲಂದ್ರ ತಮ್ಮನ್ನ ಆಡಿಸ್ಕೊಂತ ಮನ್ಯಾಗ ಇರ್ತಾಳ." ನಾನು ಎದೆ ತಟ್ಟಿಕೊಂಡು, "ಅದನ್ನ ನನಗ ಬಿಡ್ರಿ" ಎಂದಿದ್ದೆ.

ಪುಸ್ತಕದಲ್ಲೊಂದು ಪಾಠ. ರೈತನೊಬ್ಬನಿಗೆ ಎರಡು ಎತ್ತು. ಸೋಮವಾರ ಬೆಳಿಗ್ಗೆ ಅವನು ಗಳೆ ಹೂಡಿದ. ಒಂದು ಎತ್ತು ಎಳೆಯಿತು, ಇನ್ನೊಂದು ಸಾಲಿನಲ್ಲಿಯೇ ಮಲಗಿಬಿಟ್ಟಿತು. ಎಳೆದದ್ದಕ್ಕೆ ಹಿಂಡಿ ಸಿಕ್ಕಿತು, ಮಲಗಿದ್ದನ್ನು ಮಾರಿಬಿಟ್ಟರು. ಕೊನೆಗೆ ದಪ್ಪ ಅಕ್ಷರದಲ್ಲಿ ನೀತಿ: ಮೈಗಳ್ಳತನ ಕೇಡಿಗೆ ಮೂಲ. ನಾನು ರಾಗವಾಗಿ ಓದಿ ಮುಗಿಸಿ, "ಎರಡರಾಗ ಶಾಣ್ಯಾ ಎತ್ತು ಯಾವುದು?" ಎಂದು ಕೇಳಿದೆ. ಇಡೀ ವರ್ಗ ಒಂದೇ ದನಿಯಲ್ಲಿ, "ಮಲಗಿದ್ದರಿ" ಎಂದಿತು.

ಕಿವಿ ತಪ್ಪಿ ಕೇಳಿಸಿತೇನೋ ಎಂದು ಮತ್ತೊಮ್ಮೆ ಓದಿ ಕೇಳಿದೆ. ಮತ್ತೂ ಅದೇ ಉತ್ತರ. ನೀಲವ್ವ ಎದ್ದು ನಿಂತು, ನನಗೆ ತಿಳಿಯಲಿಲ್ಲವೆಂದು ಕನಿಕರಪಟ್ಟು ಬಿಡಿಸಿ ಹೇಳಿದಳು: "ಸ್ವಾಮಾರ ಎತ್ತಿನ ಹೆಗಲ ಮ್ಯಾಲ ನೊಗ ಇಡೂದಿಲ್ರಿ ಗುರುಗಳ. ಅದು ಬಸವಣ್ಣನ ವಾರ. ಆ ರೈತಗ ವಾರ ಮರತು ಹೋಗಿತ್ರಿ, ಎತ್ತಿಗೆ ನೆನಪಿತ್ರಿ. ಅದಕ್ಕ ಮಲಗ್ತು. ಇನ್ನೊಂದು ಅಂಜಿ ಎಳೀತ್ರಿ ಪಾಪ."

ಈಗ ನೀವು ಹೇಳಬಹುದು, ಬೆಟಗೇರಿಯ ಅಂಗಡಿಯವನಿಗೆ ಇದು ಗೊತ್ತಿರಲಿಕ್ಕಿಲ್ಲ ಎಂದು. ಹಾಗೆಂದರೆ ನನಗೂ ಒಂದು ದಾರಿಯಾಗುತ್ತಿತ್ತು. ಆದರೆ ಗೊತ್ತಿತ್ತು. ಸೋಮವಾರ ನಮ್ಮ ಅಂಗಡಿಗೂ ಎತ್ತಿನ ಗಾಡಿ ಬರುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು ಅದು. ಪುಸ್ತಕ ಬರೆದ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ, ಅಷ್ಟೇ. ನಾನೋ, ಅಚ್ಚಾದದ್ದೆಲ್ಲ ಖರೆ ಎಂದು ನಂಬಿ ಮುಲ್ಕಿ ಪಾಸಾದವನು. ಇಡೀ ವರ್ಗ ನಗುತ್ತಿರುವಾಗ ಎಂಟು ವರ್ಷದ ಹುಡುಗಿ ನನಗೆ ಪಾಠ ಹೇಳಿದಳಲ್ಲ ಎಂದು ಸಿಟ್ಟು ನೆತ್ತಿಗೇರಿತು. "ಪುಸ್ತಕ ಬರದವರಿಗಿಂತ ನೀ ಶಾಣ್ಯಾಕಿ ಏನು?" ಎಂದು ಅಂಗೈ ಚಾಚಿಸಿ ಛಡಿಯಿಂದ ಎರಡು ಏಟು ಕೊಟ್ಟೆ. ಪಾಟಿಯ ಮೇಲೆ ನೀತಿಯನ್ನು ಬರೆದು ತೋರಿಸಿ ಒರೆಸು, ಮತ್ತೆ ಬರೆ ಎಂದು ಸಂಜೆಯವರೆಗೆ ಕೂರಿಸಿದೆ. ಅಳಲಿಲ್ಲ ಅವಳು. ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಬರೆದಳು. ಅಂದು ಸಂಜೆ ಕಟ್ಟೆಯ ಮೇಲೆ ಕನ್ನಡಿಗರ ಮಾತಿಗೆ ಬೆಲೆ ಬರಬೇಕೆಂದು ನಾನು ಯಾವಾಗಿನಂತೆ ಭಾಷಣ ಮಾಡಿದೆ.

ಆಮೇಲೆ ದಿಪೋಟಿ ಸಾಹೇಬರು, ಅಂದರೆ ಶಾಲಾ ಇನ್‌ಸ್ಪೆಕ್ಟರು, ತನಿಖೆಗೆ ಬಂದರು. ಆ ಕಾಲದಲ್ಲಿ ದಿಪೋಟಿ ಬರುತ್ತಾರೆಂದರೆ ಮಾಸ್ತರರಿಗೆ ಊಟ ಇಳಿಯುತ್ತಿರಲಿಲ್ಲ. ನಾನು ಗೋಡೆಗೆ ಸುಣ್ಣ ಹೊಡೆಸಿ, ಮಕ್ಕಳ ತಲೆಗೆ ಎಣ್ಣೆ ಹಾಕಿಸಿ, ಎಲ್ಲ ಪಾಠಗಳ ನೀತಿಯನ್ನೂ ಬಾಯಿಪಾಠ ಮಾಡಿಸಿದ್ದೆ. ಸಾಹೇಬರು ಲಕ್ಷ್ಮೇಶ್ವರ ಕಡೆಯ ಒಕ್ಕಲು ಮನೆತನದವರು, ಮೆತ್ತಗೆ ಮಾತಾಡುವ ಮನುಷ್ಯ. ಪುಸ್ತಕ ತೆರೆದು ಅದೇ ಪಾಠ ತೆಗೆದರು. ಒಬ್ಬಳೇ ಹುಡುಗಿಯೆಂದು ಅವಳನ್ನೇ ಎಬ್ಬಿಸಿ, "ಎತ್ತು ಯಾಕ ಮಲಗ್ತು ತಂಗಿ?" ಎಂದು ಕೇಳಿದರು.

ನೀಲವ್ವ ನನ್ನ ಮುಖ ನೋಡಿದಳು. ಸಾಹೇಬರ ಬೆನ್ನ ಹಿಂದೆ ನಿಂತಿದ್ದ ನಾನು ಕಣ್ಣು ದೊಡ್ಡದು ಮಾಡಿದೆ. "ಮೈಗಳ್ಳತನ ಕೇಡಿಗೆ ಮೂಲರಿ" ಎಂದಳು. "ಅದನ್ನ ಕೇಳಲಿಲ್ಲವಾ. ಎತ್ತು ಯಾಕ ಮಲಗ್ತು?" ಮತ್ತೆ ಅದನ್ನೇ ಹೇಳಿದಳು. ಮೂರನೆಯ ಸಲ ಕೇಳಿದಾಗ ತಲೆ ತಗ್ಗಿಸಿ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು. ಹುಡುಗರೂ ಪಾಟಿ ನೋಡುತ್ತ ಕುಳಿತರು.

ಹೊರಗೆ ಬಂದಮೇಲೆ ಸಾಹೇಬರು ನಿಟ್ಟುಸಿರು ಬಿಟ್ಟರು. "ಮಾಸ್ತರ, ಈ ಪಾಠ ನಾ ಹೋದಲ್ಲೆಲ್ಲಾ ಕೇಳ್ತೀನಿ. ಸ್ವಾಮಾರ ಯಾಕ ಹೂಡಿದಾ ಅಂತ ಒಂದಾದ್ರೂ ಕೂಸು ಕೇಳ್ತೈತೇನು ಅಂತ ಕಾಯ್ತೀನಿ. ಒಕ್ಕಲಿಗರ ಮಕ್ಕಳು, ಒಬ್ಬರೂ ಕೇಳೂದಿಲ್ಲ ನೋಡ್ರಿ. ಓದ್ತಾವ, ತಿಳಿಯೂದಿಲ್ಲ."

ಒಂದೇ ಮಾತು ಸಾಕಿತ್ತು. ಆ ಹುಡುಗಿ ಕೇಳಿದ್ದಳು ಸಾಹೇಬ್ರೇ, ನಾನೇ ಹೊಡೆದು ಬಾಯಿ ಮುಚ್ಚಿಸಿದೆ ಎಂದರೆ ಅವಳು ಅಲ್ಲಿಯೇ ಪಾಸಾಗುತ್ತಿದ್ದಳು. ನನ್ನ ಬಾಯಿಂದ ಬಂದ ಮಾತು ಬೇರೆ: "ಹಳ್ಳಿ ಹುಡುಗ್ರು ಸಾಹೇಬ್ರ, ಬುದ್ಧಿ ಸ್ವಲ್ಪ ಮಂದ."

ನೀಲವ್ವ ನಪಾಸಾದಳು. ಮರುದಿನದಿಂದ ಶಾಲೆಗೆ ಬರಲಿಲ್ಲ. ಎರಡು ವಾರ ಅವಳು ಕೂರುತ್ತಿದ್ದ ಜಾಗವನ್ನು ನೋಡದ ಹಾಗೆ ಪಾಠ ಮಾಡಿದೆ. ಕೊನೆಗೆ ತಡೆಯಲಾರದೆ ಫಕ್ಕೀರಪ್ಪನ ಮನೆಗೆ ಹೋದೆ. ಅಂದು ಸೋಮವಾರವೇ ಆಗಿತ್ತು. ಎತ್ತುಗಳು ಗೋದಲಿಯ ಮುಂದೆ ಮಲಗಿ ಮೆಲುಕು ಹಾಕುತ್ತಿದ್ದವು, ಅವುಗಳ ಕಡೆ ನೋಡಲೂ ನನಗೆ ನಾಚಿಕೆಯಾಯಿತು. ನೀಲವ್ವ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ತೊದಲುತ್ತ ಎಲ್ಲವನ್ನೂ ಹೇಳಿದೆ. ಫಕ್ಕೀರಪ್ಪ ತಂಬಾಕು ತಿಕ್ಕುವುದನ್ನು ನಿಲ್ಲಿಸಿ ಕೇಳಿದ: "ಹಂಗಾರ ನಪಾಸ ಆದವ್ರು ಯಾರ್ರಿ ಮಾಸ್ತರ?"

"ನಾನs" ಎಂದೆ.

"ಮತ್ತ ನೀವು ದಿನಾ ಸಾಲಿಗೆ ಹೋಗಾಕತ್ತೀರಿ, ನಮ್ಮ ಹುಡುಗಿ ಮನ್ಯಾಗ ಐತಿ" ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ತಂಬಾಕನ್ನು ಬಾಯಿಗೆ ಹಾಕಿಕೊಂಡು, "ನಾಳಿಂದ ಕಳಸ್ತೀನಿ. ಕೂಸಿನ ಮ್ಯಾಲ ಕೈ ಮಾಡಬ್ಯಾಡ್ರಿ" ಎಂದ.

ಅವಳು ಬಂದಳು, ಅದೇ ಇಯತ್ತೆಯಲ್ಲಿ ಮತ್ತೆ ಕುಳಿತಳು. ನಾನು ಛಡಿಯನ್ನು ಮನೆಯಲ್ಲೇ ಬಿಟ್ಟೆ. ಆದರೂ ಏನು ಕೇಳಿದರೂ ಅವಳದು ಮೊದಲು ಒಂದೇ ಪ್ರಶ್ನೆ: "ಪುಸ್ತಕದ್ದು ಹೇಳ್ಲೇನ್ರಿ, ನಮ್ಮದು ಹೇಳ್ಲೇನ್ರಿ?" ನಮ್ಮದು ಹೇಳು ಎಂದರೂ ಒಂದು ಗಳಿಗೆ ನನ್ನ ಕೈ ನೋಡಿಯೇ ಬಾಯಿ ತೆರೆಯುತ್ತಿದ್ದಳು.

ಮರುವರ್ಷ ನಾಡು ಒಂದಾಗಿತ್ತು, ಕಚೇರಿಗಳ ಬೋರ್ಡುಗಳು ಬದಲಾಗಿದ್ದವು. ದಿಪೋಟಿ ಸಾಹೇಬರು ಮಾತ್ರ ಅವರೇ, ಪಾಠವೂ ಅದೇ. ಎತ್ತು ಯಾಕೆ ಮಲಗಿತೆಂದು ಅವರು ಕೇಳಿದಾಗ ನೀಲವ್ವ ಅವರೆದುರಿಗೇ ನನ್ನ ಕಡೆ ತಿರುಗಿ, ಪುಸ್ತಕದ್ದೋ ನಮ್ಮದೋ ಎಂದು ಕೇಳಿಬಿಟ್ಟಳು. "ನಮ್ಮದs ಹೇಳವಾ" ಎಂದೆ. ಹೇಳಿದಳು. ಬಸವಣ್ಣನ ವಾರ, ವಾರ ಮರೆತ ರೈತ, ಅಂಜಿ ಎಳೆದ ಎತ್ತು, ಒಂದೂ ಬಿಡಲಿಲ್ಲ. ಸಾಹೇಬರ ಕಣ್ಣು ತುಂಬಿದವು. ಎದ್ದು ಬಂದು ನನ್ನ ಬೆನ್ನು ಚಪ್ಪರಿಸಿದರು. "ಭೇಷ್ ಮಾಸ್ತರ. ಮಕ್ಕಳಿಗೆ ಕಥಿ ಹಿಂಗ ತಿಳಿಸಬೇಕು ನೋಡ್ರಿ. ಇಷ್ಟೂರು ತಿರಗಿದೆ, ನಿಮ್ಮಂಥವ್ರು ಒಬ್ಬರೂ ಸಿಗಲಿಲ್ಲ" ಎಂದು ತನಿಖೆಯ ಅಭಿಪ್ರಾಯ ಬರೆಯುವ ಶೆರೆಪುಸ್ತಕದಲ್ಲಿ ಅದನ್ನೇ ಬರೆದು ರುಜು ಹಾಕಿದರು.

ಆಗಲಾದರೂ ಹೇಳಬಹುದಿತ್ತು. ನಾನು ಕೈಮುಗಿದು, "ಎಲ್ಲಾ ತಮ್ಮ ಆಶೀರ್ವಾದ ಸಾಹೇಬ್ರ" ಎಂದೆ. ಅವರ ಗಾಡಿ ಊರ ಅಗಸಿ ದಾಟಿದ ಮೇಲೆ ತಿರುಗಿ ನೋಡಿದರೆ ನೀಲವ್ವ ಹಿಂದೆಯೇ ನಿಂತಿದ್ದಳು. ನನ್ನ ಮುಖ ಹೇಗಿತ್ತೋ ಏನೋ, ಹತ್ತಿರ ಬಂದು ಸಣ್ಣ ದನಿಯಲ್ಲಿ ಅಂದಳು: "ಅಂಜಬ್ಯಾಡ್ರಿ ಗುರುಗಳ. ನಾ ಯಾರ ಮುಂದೂ ಹೇಳೂದಿಲ್ಲ."