ನಾನು ಪಟ್ಟಿ ಕಟ್ಟಿದ ಚಾಂಪಿಯನ್

ನಮ್ಮ ಚಾಂಪಿಯನ್ ಇದ್ದಲ್ಲಿ ನಗುವಂಥದ್ದು ಒಂದಿಲ್ಲೊಂದು ಆಗೇ ಆಗತದ, ಈಗಲೂ. ಇಪ್ಪತ್ತು ವರ್ಷ ಬಾಕ್ಸಿಂಗ್ ಆಡುವಾಗ ಅವನ ಕೈಗೆ ಪಟ್ಟಿ ಕಟ್ಟಿದವ ನಾನು. ಸಾಲಿ ಕಟ್ಟಿ ಹತ್ತಿಲ್ಲ ಖರೆ, ಆದರ ಪುಣೆದಾಗ ನನ್ನಂಗ ಪಟ್ಟಿ ಕಟ್ಟುವವ ಇನ್ನೂ ಹುಟ್ಟಬೇಕು. ಆ ಕೈಲೆ ಅವ ಗುದ್ದಿದರ ಎದುರಿನವನ ಹಲ್ಲು ಹಾರಿ ಮೂರನೇ ಸಾಲಿನವರ ಚಹಾದಾಗ ಬೀಳತಿತ್ತು. ತಾನು ತಿಂದ ಗುದ್ದೂ ಕಮ್ಮಿ ಇಲ್ಲ. ಅದಕ್ಕ ಈಗ ಮರವು. ಒಂದೊಂದೇ ಮುಖ ಮರೀಲಿಕ್ಕೆ ಹತ್ಯಾನ. ನನ್ನ ಪಾಳಿ ಎಂದು ಬರತದೋ.

ತೂಕ

ಪುಣೆ ಹತ್ತಿರದ ದೌಂಡಿನ್ಯಾಗ ಸ್ಪರ್ಧೆ ಇತ್ತು. ಚಾಂಪಿಯನ್ ತೂಕ ಅವನ ವರ್ಗದ ಮಿತಿಗಿಂತ ಪಾವಕಿಲೋ ಜಾಸ್ತಿ. ಎರಡು ಕಂಬಳಿ ಹೊದಿಸಿ ಕಬ್ಬಿನ ಹೊಲದ ಸುತ್ತ ಓಡಿಸಿದೆ. ಸುರಿದ ಬೆವರು ನೋಡಿ ಹೊಲದ ರೈತ ಆ ದಿನ ಮೋಟರ್ ಚಾಲೂನೇ ಮಾಡಲಿಲ್ಲ. ಆದರೂ ತೂಕದ ಕಾಟಾ ಹತ್ತಿಸಿದರ ಒಂದೀಟು ಹೆಚ್ಚೇ. ಬಟ್ಟಿ ಬಿಚ್ಚಿಸಿದೆ, ತಲಿ ಬೋಳಿಸಿದೆ. ಮುಳ್ಳು ಇಳೀವಲ್ದು.

"ಬಾಯಿ ತಗಿ" ಅಂದೆ.

ದವಡ್ಯಾಗ ಬೆಲ್ಲದ ಹೆಂಟಿ!

"ನನ್ನ ಓಟ ನೋಡಿ ಆ ರೈತ ಅತ್ತುಬಿಟ್ಟಾ, ಅಣ್ಣಾ. ಅಳಕೋತ ಕೊಟ್ಟದ್ದು ಹೆಂಗ ಉಗುಳಲಿ?"

ಚಹಾ

ಈಗ ಚಾಂಪಿಯನ್ ಮತ್ತ ಅವನ ಹೆಂಡತಿ ಪುಣೆದ ಮಗರಪಟ್ಟಾದಾಗ ಮಗಳ ಮನ್ಯಾಗ ಇರತಾರ. ಹೋದ ತಿಂಗಳು ಹೋಗಿದ್ದೆ. ಹೆಂಡತಿ ಚಹಾ ತಂದಿಟ್ಟಳು. ಒಂದು ಗುಟುಕು ಕುಡಿದು ಚಾಂಪಿಯನ್ ನನ್ನ ಕೇಳಿದ, "ಈ ಬಾಯಾರು ಯಾರು, ಅಣ್ಣಾ? ಭಾಳ ಛಲೋ ಚಹಾ ಮಾಡ್ಯಾರ."

"ನಲವತ್ತು ವರ್ಷದಾಗ ಒಂದು ದಿನಾ ಛಲೋ ಅಂದಿರಲಿಲ್ಲ ನೋಡ್ರಿ, ಭಾವಾರ," ಅಂದಳು ಆಕಿ. "ಮರೆತ ಮ್ಯಾಲೆ ನನ್ನ ನಸೀಬು ತೆರೀತು."

ನಕ್ಕಳು. ಸೆರಗು ಮಾತ್ರ ಕಣ್ಣಿಗಿತ್ತು.

ಅವ ಆಕಿಗೆ ಕೈ ಮುಗಿದು ಇನ್ನೊಂದು ಕಪ್ ಕೇಳಿದ.

ಬೆರಳು

ರಿಂಗಿನ್ಯಾಗ ತಲಿಗೆ ಜೋರು ಪೆಟ್ಟು ಬಿದ್ದರ ಡಾಕ್ಟರ್ ಬಂದು ಬೆರಳು ತೋರಿಸಿ "ಎಷ್ಟು?" ಅಂತ ಕೇಳತಾರ. ತಪ್ಪಿದರ ಆಟ ಬಂದ್. ಇವಗ ಆ ಹೊತ್ತಿನ್ಯಾಗ ಬೆರಳೆಲ್ಲಾ ಮಂಜು ಮಂಜು. ನಾನು ಡಾಕ್ಟರ್ ಬೆನ್ನ ಹಿಂದ ನಿಂತು ಎಷ್ಟು ಬೆರಳೋ ಅಷ್ಟು ಸಲ ನನ್ನ ಕಿವಿ ಜಗ್ಗಿಕೊಳ್ಳತಿದ್ದೆ. ಒಂದು ಸಲನೂ ಸಿಕ್ಕಿಬೀಳಲಿಲ್ಲ, ಅಷ್ಟು ಶಾಣ್ಯಾ ನಾನು. ಅವ ಹೊಳ್ಳಿ ಹೋಗಿ ಮತ್ತ ಗುದ್ದು ತಿಂತಿದ್ದ.

ಮೊನ್ನೆ ಮರವಿನ ಡಾಕ್ಟರ್ ಕಡೆ ಕರಕೊಂಡು ಹೋದೆ. ಬೆಳಗಾವಿ ಕಡೆಯ ಹೆಣ್ಮಗಳು. ಮೂರು ಬೆರಳು ತೋರಿಸಿದಳು. ನಾನು ಆಕಿ ಹಿಂದೇ ನಿಂತಿದ್ದೆ. ನನಗ ತಿಳಿಯೋದರೊಳಗ ನನ್ನ ಕೈ ಕಿವಿಗೆ ಹೋಗಿ ಮೂರು ಸಲ ಜಗ್ಗಿತ್ತು.

"ಮೂರು," ಅಂದ.

"ಶಾಬಾಸ್. ಅಲ್ಲಿ ನಿಂತವರು ಯಾರ್ರಿ?"

ಚಾಂಪಿಯನ್ ನನ್ನ ಮಾರಿ ಭಾಳ ಹೊತ್ತು ನೋಡಿದ. ಹೆಸರಿಗೆ ಎಷ್ಟು ಸಲ ಕಿವಿ ಜಗ್ಗಬೇಕೋ, ನನಗೂ ಗೊತ್ತಿರಲಿಲ್ಲ.

"ಯಾರೋ ಗೊತ್ತಿಲ್ಲರಿ," ಅಂದ. "ಆದರ ಅವ ಎಷ್ಟು ಸಲ ಕಿವಿ ಜಗ್ಗತಾನೋ ಅಷ್ಟು ಹೇಳಿದರ, ನೀವು ನನ್ನ ಮತ್ತ ಆಡಲಿಕ್ಕೆ ಬಿಡತೀರಿ."